ಹನ್ನೊಂದನೆಯ ಸಲಹೆ: ಟವಲು ತೆಗೆಯಿರಿ

ಆದವಾನಿ
8 ಜುಲೈ 2024

ಕೂಡಿದ ಮಹಾಜನಗಳೇ! ಹಾಲಹರವಿಯ ಜಗಲಿಯ ಮೇಲೆ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತಿರುವ ಸಭಿಕರೇ! ಮುಂದಿನ ಸಾಲಿನಲ್ಲಿ ಚಹಾದ ಲೋಟ ಹಿಡಿದಿರುವ ರಾಘಣ್ಣನವರೇ! ಬಾಗಿಲಿಗೆ ಒರಗಿ ಮೆಂತ್ಯದ ಸೊಪ್ಪು ಬಿಡಿಸುತ್ತ, ಕೇಳಿಸಿಕೊಳ್ಳುತ್ತಿಲ್ಲವೆಂದು ನಟಿಸುತ್ತಿರುವ ಮನೆಯೊಡತಿ ರಮಾಮಣಿ ತಾಯಿಯವರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿರಿ. ಆದವಾನಿಯ ದನದ ದಲ್ಲಾಳಿ ಚಂದ್ರಣ್ಣ ಮಾತಾಡುತ್ತಿದ್ದಾನೆ. ಈ ದೇಶದ ಬಡತನಕ್ಕೆ ಕಾರಣ ಸಿಕ್ಕಿದೆ!

ಕಾಂತಾ, ಇಷ್ಟನ್ನೂ ಎದ್ದು ನಿಂತು ಓದಿದೆಯೋ, ಕೂತಲ್ಲೇ ಗೊಣಗಿದೆಯೋ? ಗೊಣಗಿದ್ದರೆ ಮೊದಲಿನಿಂದ ಓದು. ನಿನ್ನ ಕಿವಿ ಕೈಕೊಟ್ಟ ಮೇಲೆ ನಾನು ಫೋನಿನಲ್ಲಿ ಕೂಗಿದ್ದು ಇಡೀ ಆದವಾನಿಗೆ ಕೇಳಿಸುತ್ತದೆ, ನಿನಗೊಬ್ಬನಿಗೆ ಬಿಟ್ಟು. ಹಾಗಾಗಿ ಈ ಕಾಗದವೇ ನನ್ನ ರಂಗ, ನಿನ್ನ ಜಗಲಿಯೇ ನನ್ನ ಸಭೆ.

ಹೊಸದಾಗಿ ಬಂದವರು ಯಾರಾದರೂ ಕೂತಿದ್ದರೆ ಅವರಿಗೊಂದು ಮಾತು. ನಿಮ್ಮ ಮುಂದೆ ಓದುತ್ತಿರುವ ಈ ಕೃಷ್ಣಕಾಂತ ಬರೀ ನಿವೃತ್ತ ಗುಮಾಸ್ತನೆಂದು ತಿಳಿಯಬೇಡಿ. ಮೂವತ್ತು ವರ್ಷ ನಮ್ಮ ನಾಟಕ ಮಂಡಳಿಯಲ್ಲಿ ನಾನು ರಾಜ, ಇವನು ತೆರೆಯ ಹಿಂದಿನ ದನಿ. ನಾನು ಮಾತು ಮರೆತು ನಿಂತಾಗ ಮೊದಲ ಶಬ್ದವನ್ನು ಎತ್ತಿಕೊಟ್ಟವನು. ನನ್ನ ಪಾರ್ಟಿನ ಕಾಗದದ ಮೇಲೆ, ಎಲ್ಲೆಲ್ಲಿ ಉಸಿರು ಎಳೆದುಕೊಳ್ಳಬೇಕೋ ಅಲ್ಲೆಲ್ಲ ಒಂದೊಂದು ಓರೆ ಗೆರೆ ಹಾಕಿ ಕೊಟ್ಟವನು. ಆ ಗೆರೆ ಇಲ್ಲದಿದ್ದರೆ ರಾಜನು ಯುದ್ಧ ಸಾರುವಾಗ ಅರ್ಧದಲ್ಲೇ ಎಮ್ಮೆಯ ಹಾಗೆ ಏದುಸಿರು ಬಿಡುತ್ತಿದ್ದ.

ಈಗಲೂ ಅದೇ ಏರ್ಪಾಡು. ದೇಶದ ಆರ್ಥಿಕ ಸ್ಥಿತಿ ಸುಧಾರಿಸಲು ನನಗೆ ಹೊಳೆದದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. ಇವನು ಇಂಗ್ಲಿಷ್ ಮಾಡುತ್ತಾನೆ, ಆಫೀಸು ಹರಾಜಿನಲ್ಲಿ ಕೊಂಡ ತನ್ನ ಹಳೆಯ ಟೈಪ್ ಮಿಷನ್ನಿನಲ್ಲಿ ಟಕಟಕ ಕುಟ್ಟುತ್ತಾನೆ, ಡೆಲ್ಲಿಗೆ ಅಂಚೆ ಹಾಕುತ್ತಾನೆ. ಎರಡು ವರ್ಷದಲ್ಲಿ ಹತ್ತು ಸಲಹೆ ಹೋಗಿವೆ. ಅರ್ಧ ಕಟ್ಟಿ ಬಿಟ್ಟ ಸರ್ಕಾರಿ ಗೋಡೆ ಮುಗಿಯುವ ತನಕ ಅದೇ ಊರಿನಲ್ಲಿ ಹೊಸ ಅಡಿಗಲ್ಲು ಹಾಕಬಾರದು, ಅದು ಮೊದಲನೆಯದು. ಅಕ್ಕಪಕ್ಕದ ಊರುಗಳ ಸಂತೆಯ ವಾರವನ್ನು ಸರಪಳಿಯಂತೆ ಜೋಡಿಸಿದರೆ ಬಸ್ಸುಗಳು ಬರುವಾಗ ತುಂಬಿ ಹೋಗುವಾಗ ಖಾಲಿ ಓಡುವುದು ತಪ್ಪುತ್ತದೆ, ಅದು ನಾಲ್ಕನೆಯದು. ಹಾಳಾದದ್ದನ್ನು ರಿಪೇರಿ ಮಾಡುವವನಿಗೆ ಹೊಸದು ಮಾರುವವನಿಗಿಂತ ಕಡಿಮೆ ತೆರಿಗೆ, ಅದು ಏಳನೆಯದು. ಡೆಲ್ಲಿಯಿಂದ ಮೂರು ಸಲ ಉತ್ತರ ಬಂದಿದೆ, ಸಭಿಕರೇ! ಮೂರು ಸಲ!

ಈಗ ಹನ್ನೊಂದನೆಯದು. ನನ್ನ ಹೆಗಲಿನ ಮೇಲೆಯೇ ಇತ್ತು, ನನಗೇ ಕಾಣಲಿಲ್ಲ. ಟವಲು!

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಕೊಳ್ಳುವವನ ಕೈ ಹಿಡಿಯುತ್ತಾನೆ, ಮೇಲೆ ಟವಲು ಮುಚ್ಚುತ್ತಾನೆ. ಒಳಗೆ ಬೆರಳುಗಳು ಬೆಲೆ ಹೇಳುತ್ತವೆ. ಆಮೇಲೆ ಅದೇ ಟವಲು ಮಾರುವವನ ಕೈಯ ಮೇಲೆ. ಅಲ್ಲಿ ಬೆರಳುಗಳು ಬೇರೆಯೇ ಹೇಳಿದರೂ ಕೇಳುವವರಿಲ್ಲ. ಎತ್ತು ಎಷ್ಟಕ್ಕೆ ಹೋಯಿತೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯದು, ಎತ್ತಿಗಂತೂ ತಿಳಿಯದು. ನಲವತ್ತು ವರ್ಷ ನಾನು ಆ ಕತ್ತಲೆಯಲ್ಲಿ ಅನ್ನ ತಿಂದಿದ್ದೇನೆ. ಮೊನ್ನೆ ಸಂತೆಯಲ್ಲಿ ಕೈ ಮುಚ್ಚಿ ನಿಂತಾಗ ಫಕ್ಕನೆ ಹೊಳೆಯಿತು. ಈ ದೇಶವೇ ಟವಲಿನ ಕೆಳಗೆ ವ್ಯಾಪಾರ ಮಾಡುತ್ತಿದೆ! ನಿವೇಶನದ ನಿಜವಾದ ಬೆಲೆ ಟವಲಿನ ಕೆಳಗೆ. ಗುತ್ತಿಗೆಯ ಬೆಲೆ ಟವಲಿನ ಕೆಳಗೆ. ಕಾಲೇಜಿನ ಸೀಟು, ಆಪರೇಷನ್ನು, ವರನ ಬೆಲೆ, ಎಲ್ಲವೂ. ಪ್ರತಿಯೊಂದು ಬೆಲೆಯನ್ನೂ ಬಯಲಿನಲ್ಲಿ, ಗಟ್ಟಿಯಾಗಿ, ನಾಲ್ಕು ಜನ ಕೇಳುವಂತೆ ಹೇಳಿಸಿರಿ. ಹೇಳಲು ನಾಚಿಕೆಯಾಗುವ ಬೆಲೆ ತಾನಾಗಿ ಸಾಯುತ್ತದೆ.

ಕಾಂತಾ, ಇದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಕುಟ್ಟು. ಇದು ನನ್ನ ಕೊನೆಯ ಪಾರ್ಟು, ಅತ್ಯುತ್ತಮವಾದದ್ದು. ಚಪ್ಪಾಳೆ ಮುಗಿದ ಮೇಲೆ ಜಗಲಿಯವರಿಗೆ ಇನ್ನೊಂದು ಸುತ್ತು ಚಹಾ ಹೇಳು.

ನಿನ್ನ
ಚಂದ್ರಣ್ಣ

*

ಹಾಲಹರವಿ
19 ಜುಲೈ 2024

ಚಂದ್ರಣ್ಣನಿಗೆ ಕೃಷ್ಣಕಾಂತನ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ.

ನಿನ್ನ ಕಾಗದ ಓದಿದೆ, ನಿಂತೇ ಓದಿದೆ. ರಾಘಣ್ಣನವರು ಎರಡು ಸಲ ಕೈ ತಟ್ಟಿದರು. ರಮಾಮಣಿ ಮಾತ್ರ ಒಂದು ಪ್ರಶ್ನೆ ಕೇಳಿದಳು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳಾದ್ದರಿಂದ ಹೇಳುತ್ತಿದ್ದೇನೆ: "ಟವಲ ತೆಗೀರಿ ಅಂತಾರಲ್ಲ, ಅದನ್ನ ಮೊದಲು ಹಾಕಿದವರು ಯಾಕ ಹಾಕಿದ್ರು ಅಂತ ಕೇಳ್ಯಾರೇನು?" ಪ್ರಶ್ನೆಯನ್ನು ನಿನಗೇ ದಾಟಿಸುತ್ತಿದ್ದೇನೆ.

ಹನ್ನೊಂದನೆಯದನ್ನು ಟೈಪ್ ಮಾಡಿ ಅಂಚೆಗೆ ಹಾಕಿದ್ದೇನೆ. ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವೆಯಷ್ಟೆ?

ಇತಿ,
ಕೃಷ್ಣಕಾಂತ

*

ಹಾಲಹರವಿ
2 ಸೆಪ್ಟೆಂಬರ್ 2024

ಚಂದ್ರಣ್ಣನಿಗೆ,

ಇದರ ಜೊತೆ ಡೆಲ್ಲಿಯ ಉತ್ತರ ಇಟ್ಟಿದ್ದೇನೆ. ಎಂದಿನಂತೆ ನನ್ನ ವಿಳಾಸಕ್ಕೇ ಬಂತು. ಕನ್ನಡದಲ್ಲಿ ಅದರ ಸಾರ ಇಷ್ಟು: ತಮ್ಮ ಹನ್ನೊಂದನೆಯ ಸಲಹೆ ಅಮೂಲ್ಯವಾದುದು, ಅದು ಮೇಲಿನವರ ಪರಿಶೀಲನೆಯಲ್ಲಿದೆ, ದೇಶ ತಮ್ಮಂಥವರ ದನಿಗಾಗಿ ಕಾದಿದೆ.

ಸಂತೋಷಪಡು. ಮನೆಯಲ್ಲಿ ಇಟ್ಟುಕೋ. ಹಿಂದಿನ ಮೂರರ ಜೊತೆ ಟ್ರಂಕಿನಲ್ಲಿ ಇಟ್ಟುಕೋ. ಮನೆಯಲ್ಲೇ ಇರಲಿ.

ಇತಿ,
ಕೃಷ್ಣಕಾಂತ

*

ಆದವಾನಿ
21 ಸೆಪ್ಟೆಂಬರ್ 2024

ಸಭಿಕರೇ, ಏಳಿರಿ! ಇವತ್ತು ಕೂತು ಕೇಳುವ ಕಥೆಯಲ್ಲ!

"ದೇಶ ತಮ್ಮ ದನಿಗಾಗಿ ಕಾದಿದೆ." ಹೀಗೆ ಡೆಲ್ಲಿಯೇ ಬರೆದ ಮೇಲೆ ಟ್ರಂಕಿನಲ್ಲಿ ಇಡುವುದಕ್ಕೆ ಅದೇನು ಮದುವೆ ಸೀರೆಯೇ? ತಮ್ಮನ ಮಗಳು ಗಂಗೋತ್ರಿ, ಹೈಸ್ಕೂಲಿನ ಟೀಚರ್, ಇಂಗ್ಲಿಷಿನಲ್ಲಿ ಅದನ್ನು ಗಟ್ಟಿಯಾಗಿ ಓದಿದಳು. ನನಗೆ ಅರ್ಥವಾಗದಿದ್ದರೇನು, ಕಿವಿಗೆ ತಾಳ ತಿಳಿಯದೇ? ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ, ಎಲ್ಲಿ ಏರಬೇಕೋ ಅಲ್ಲೇ ಏರುತ್ತದೆ. "ನೋಡವ್ವಾ, ಡೆಲ್ಲಿಯವರಿಗೂ ನನ್ನ ಉಸಿರಿನ ಅಳತೆ ಗೊತ್ತೈತಿ!" ಅಂದೆ. ಆಕೆ ನಗಲಿಲ್ಲ. ಕಾಗದದ ಮೇಲಿನ ಮುದ್ರೆ ನೋಡಿ, ಮಡಿಸಿ ಕೊಟ್ಟಳು.

ಶುಕ್ರವಾರ ಸಂತೆಗೆ ಹೋದೆ. ದನಗಳನ್ನು ಲಾರಿಗೆ ಹತ್ತಿಸುವ ಕಟ್ಟೆ ಇದೆಯಲ್ಲ, ಅದರ ಮೇಲೆ ನಿಂತೆ. ಮೈಕು ಇಲ್ಲ, ಏನಿಲ್ಲ. ಡೆಲ್ಲಿಯ ಕಾಗದ ಬಿಚ್ಚಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ನುಡಿದೆ. ಎಮ್ಮೆಗಳು ಕೂಡ ಮೆಲುಕು ನಿಲ್ಲಿಸಿದವು. "ದಲ್ಲಾಳಿಗಳೇ! ಈ ಒಂದು ದಿನ, ಈ ಒಂದೇ ದಿನ, ಟವಲು ಹೆಗಲ ಮೇಲೆ ಇರಲಿ, ಬೆಲೆ ಬಾಯಲ್ಲಿ ಬರಲಿ!"

ನಮ್ಮ ದಲ್ಲಾಳಿಗಳಲ್ಲಿ ವಾಗೀಶ್ ಅಂತ ಒಬ್ಬನಿದ್ದಾನೆ, ಕಿರಿಯ, ಚುರುಕು. ಅವನು ನಕ್ಕ. "ಏಮಿ ಚಂದ್ರಣ್ಣಾ, ಡೆಲ್ಲಿಯೋರು ನಮ್ಮ ಟವಲ ನೋಡಾಕ ಕುಂತಾರೇನು? ಹೋಗ್ಲಿ ಬಿಡು, ಸರ್ಕಾರದ ಕಾಗದ ಐತಿ ಅಂತೀ. ನಿನ್ನ ಮಾತಿನ ಮ್ಯಾಲ ಒಂದು ದಿನ ನೋಡೂಣು."

ನನ್ನ ಮಾತಿನ ಮೇಲೆ! ಕೇಳಿದೆಯಾ ಕಾಂತಾ?

ಮೊದಲು ರೈತ ಮಾರೆಪ್ಪನ ಜೋಡಿ ಎತ್ತು. ಅವನಪ್ಪನ ಎತ್ತುಗಳನ್ನೂ ನಾನೇ ಮಾರಿಸಿದ್ದೆ. ಚಿಪ್ಪಗಿರಿಯವನೊಬ್ಬ ಬೆಲೆ ಕೂಗಿದ. ಹಿಂದಿನಿಂದ ಇನ್ನೊಬ್ಬ ಕೂಗಿದ. ಮೂರನೆಯವನು ಬೀಡಿ ಎಸೆದು ಕೂಗಿದ. ಟವಲಿನ ಕೆಳಗೆ ಯಾವತ್ತೂ ಕಾಣದ ಬೆಲೆ ಬಂತು! ಮಾರೆಪ್ಪ ಎತ್ತಿನ ಹಣೆಗೆ ಹಣೆ ಹಚ್ಚಿ ನಿಂತುಬಿಟ್ಟ. ಜನ ಶಿಳ್ಳೆ ಹೊಡೆದರು. ಮೂವತ್ತು ವರ್ಷ ರಾಜನ ಪಾರ್ಟು ಮಾಡಿ ಇಂಥ ಶಿಳ್ಳೆ ಕೇಳಿರಲಿಲ್ಲ.

ನಡುವೆ ಒಂದು ಸಣ್ಣ ಅಪಸ್ವರ. ಎರ್ರಮ್ಮ ಅಂತ ಒಬ್ಬ ವಯಸ್ಸಾದ ಹೆಂಗಸು ಹಾಲು ಕೊಡುವ ಆಕಳು ತಂದಿದ್ದಳು. ಹತ್ತಿರ ಬಂದು, ಸೆರಗು ಬಾಯಿಗೆ ಹಿಡಿದು, "ಅಣ್ಣಾ, ನಂದು ಒಳಗಽ ಹೇಳು" ಅಂದಳು. "ಇನ್ನು ಒಳಗು ಇಲ್ಲ ತಾಯೀ, ಎಲ್ಲಾ ಹೊರಗು!" ಎಂದು ಅವಳ ಬೆಲೆಯನ್ನೂ ಕಟ್ಟೆಯ ಮೇಲಿಂದ ಗುಡುಗಿದೆ. ಅವಳು ಹಗ್ಗ ಹಿಡಿದುಕೊಂಡು, ಮಾರದೆಯೇ ವಾಪಸ್ಸು ಹೋದಳು. ಹೊಸ ಪದ್ಧತಿ, ಅಭ್ಯಾಸವಾಗಬೇಕು.

ಕಾಂತಾ, ಡೆಲ್ಲಿಗೆ ಈ ವಿವರವನ್ನೆಲ್ಲ ಬರೆ. ಯಾರಾದರೂ ದೊಡ್ಡವರನ್ನು ಕಳಿಸಿದರೆ ನಮ್ಮ ಮನೆಯಲ್ಲೇ ಊಟ.

ನಿನ್ನ
ಚಂದ್ರಣ್ಣ

*

ಹಾಲಹರವಿ
27 ಸೆಪ್ಟೆಂಬರ್ 2024

ಚಂದ್ರಣ್ಣ,

ಆ ಡೆಲ್ಲಿಯ ಕಾಗದವನ್ನು ಕೂಡಲೇ ನನಗೆ ವಾಪಸ್ಸು ಕಳಿಸು. ಅದರಲ್ಲಿ ಒಂದು ತಿದ್ದುಪಡಿ ಇದೆಯಂತೆ. ಯಾರಿಗೂ ತೋರಿಸಬೇಡ. ವಾಗೀಶನಿಗಂತೂ ಬೇಡ. ರಿಜಿಸ್ಟರ್ ಅಂಚೆಯಲ್ಲಿ ಕಳಿಸು, ಇಲ್ಲವೇ ಗಂಗೋತ್ರಿಯ ಕೈಯಲ್ಲಿ ಕೊಟ್ಟು ಕಳಿಸು.

ನಿನ್ನ ಕಾಗದವನ್ನು ಈ ಸಲ ಜಗಲಿಯಲ್ಲಿ ಓದಲಿಲ್ಲ. ಗಂಟಲು ಸರಿ ಇರಲಿಲ್ಲ.

ಕೃಷ್ಣಕಾಂತ

*

ಆದವಾನಿ
19 ಅಕ್ಟೋಬರ್ 2024

ಕೃಷ್ಣಕಾಂತನಿಗೆ,

ಇದನ್ನು ಗಟ್ಟಿಯಾಗಿ ಓದಬೇಡ.

ನಿನ್ನ ಕಾಗದ ತಲುಪಿತ್ತು. ತಿದ್ದುಪಡಿ ಎಂದರೆ ಇನ್ನೇನೋ ಹೊಗಳಿಕೆ ಸೇರಿಸಿರಬೇಕು ಅಂದುಕೊಂಡೆ. ನಿನ್ನೆಯ ಸಂತೆ ಮುಗಿದ ಮೇಲೆ ಕಳಿಸಿದರಾಯಿತೆಂದು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡೆ.

ಒಂದೇ ದಿನವೆಂದು ಶುರುವಾದ ಬಾಯಿಬೆಲೆಯನ್ನು ರೈತರು ನಿಲ್ಲಿಸಗೊಡಲಿಲ್ಲ; ಮೂರು ಸಂತೆಗಳಿಂದ ದಲ್ಲಾಳಿಗಳಿಗೆ ಒಳಗೊಳಗೇ ಉರಿ ಹತ್ತಿತ್ತು. ನಿನ್ನೆ ವಾಗೀಶ್ ಸಂತೆಯ ಉಸ್ತುವಾರಿ ನೋಡುವ ಅಧಿಕಾರಿಯನ್ನು ಕರೆದುಕೊಂಡು ಬಂದಿದ್ದ. ಕನ್ನಡಕ ಹಾಕಿಕೊಂಡ ಮೆತ್ತಗಿನ ಮನುಷ್ಯ. ಕಾಗದ ಕೇಳಿದರು. ನಾನು ಎರಡು ಕೈಯಲ್ಲಿ, ಪ್ರಸಾದ ಕೊಡುವ ಹಾಗೆ ಕೊಟ್ಟೆ. ಅವರು ಓದಿದರು. ಮತ್ತೆ ಓದಿದರು. ಫೋನಿನಲ್ಲಿ ಏನೋ ಹುಡುಕಿದರು.

"ಪೆದ್ದಾಯನಾ," ಹಿರಿಯರೇ ಎಂದು ಮರ್ಯಾದೆಯಿಂದಲೇ ಅಂದರು, "ಇಲಾಂಟಿ ಡಿಪಾರ್ಟ್‌ಮೆಂಟೇ ಲೇದು." ಇಂಥದೊಂದು ಇಲಾಖೆಯೇ ಇಲ್ಲವಂತೆ. ಕಾಗದಕ್ಕೆ ನಂಬರು ಇಲ್ಲ. ಮುದ್ರೆ ಯಾವುದೋ ಹಳೆಯ ಕಚೇರಿಯದು, ಊರಿನ ಹೆಸರು ಉಜ್ಜಿ ಹಾಕಿದೆ. ನಾನು ಗದರಿದೆ. ಡೆಲ್ಲಿಗೆ ಹೋಗಿ ನೋಡಿದ್ದೀರಾ ಅಂದೆ. ಅವರು ಸಿಟ್ಟಾಗಲಿಲ್ಲ. ಕಾಗದವನ್ನು ನನ್ನ ಮುಖದ ಮುಂದೆ ಹಿಡಿದು ಬೆರಳು ತೋರಿಸಿದರು. "ಇವೇಂಟಿ, ಇವೇನು? ಮಾತಿನ ನಡುವೆ ನಡುವೆ ಈ ಓರೆ ಗೆರೆಗಳು? ಯಾವ ಆಫೀಸಿನಲ್ಲಿ ಹೀಗೆ ಟೈಪ್ ಮಾಡುತ್ತಾರೆ?"

ಕಾಂತಾ, ನಾನು ಇಂಗ್ಲಿಷ್ ಓದಲಾರೆ, ಓದಲಾಗದ ಕಾಗದವನ್ನು ಇಲ್ಲಿಯ ತನಕ ದಿಟ್ಟಿಸಿ ನೋಡಿರಲೂ ಇಲ್ಲ. ಗೆರೆ ಓದಬಲ್ಲೆ.

ಕೈಬರಹದ ಗೆರೆಯಲ್ಲ, ಅದೇ ಮಿಷನ್ನು ಕುಟ್ಟಿದ ಗೆರೆ. ಎರಡು ಮಾತಿಗೊಂದು, ಮೂರು ಮಾತಿಗೊಂದು, ದೊಡ್ಡ ಮಾತು ಬರುವ ಮುಂಚೆ ಜೋಡಿ. ಮೂವತ್ತು ವರ್ಷ ನಾನು ಉಸಿರಾಡಿದ ಗೆರೆಗಳು. ಸಂತೆಯ ನಡುವೆ, ಸಗಣಿಯ ಮೇಲೆ ನಿಂತು, ನನಗೆ ಉಸಿರು ಎಳೆದುಕೊಳ್ಳುವುದೇ ಮರೆತುಹೋಯಿತು.

ವಾಗೀಶ್ ಕೂಗಿದ, "ಹೇಳು ಚಂದ್ರಣ್ಣಾ! ಇದನ್ನ ಯಾರು ಬರದಾರ? ನೀನಽ ಬರ್ಸೀಯೋ, ಯಾರಾರ ನಿನಗ ಟೊಪಿಗಿ ಹಾಕ್ಯಾರೋ?" ಹಿಂದಿನಿಂದ ಯಾರೋ, "ರಾಜನ ಪಾರ್ಟು ಮಾಡಿ ಮಾಡಿ ಸರ್ಕಾರದ ಪಾರ್ಟೂ ಮಾಡ್ಯಾನ!" ಅಂದರು. ನಗೆಯೋ ನಗೆ. ಮಾರೆಪ್ಪ ಒಬ್ಬನೇ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ, "ಹೌದೇನಣ್ಣಾ, ಸುಳ್ಳ ಕಾಗದೇನು?" ಆ ನಗೆಗಿಂತ ಈ ಪ್ರಶ್ನೆ ಹೆಚ್ಚು ಕೊಯ್ಯಿತು.

ಅಧಿಕಾರಿ ಮೂರು ಸಂತೆಯ ಗಡುವು ಕೊಟ್ಟಿದ್ದಾರೆ. ನವೆಂಬರ್ ಎಂಟರ ಸಂತೆಯಲ್ಲಿ ಬರೆದವರ ಹೆಸರು ಹೇಳಬೇಕು. ಹೇಳದಿದ್ದರೆ ನಾನೇ ಬರೆಸಿದ್ದೆಂದು ಲೆಕ್ಕ. ನನ್ನ ಮೇಲೆ ದೂರು, ಮತ್ತೆ ಆ ಸಂತೆಯಲ್ಲಿ ನಾನು ಕಾಲಿಡುವಂತಿಲ್ಲ.

ಗಂಗೋತ್ರಿಗೆ ಕೇಳಿದೆ. "ದೊಡ್ಡಪ್ಪಾ, ನನಗ ಅವತ್ತಽ ಅನುಮಾನ ಬಂತು. ನಿಮ್ಮ ಮುಖ ನೋಡಿ ಹೇಳ್ಲಿಲ್ಲ" ಅಂದಳು. ಹಾಗಾದರೆ ಆಕೆಯೂ ಮುಚ್ಚಿಟ್ಟಳು.

ಒಂದೇ ಪ್ರಶ್ನೆ. ಹಿಂದಿನ ಮೂರು?

ಚಂದ್ರಣ್ಣ

*

ಹಾಲಹರವಿ
26 ಅಕ್ಟೋಬರ್ 2024

ಚಂದ್ರಣ್ಣ,

ಹಿಂದಿನ ಮೂರೂ ನನ್ನವೇ.

ಐದು ದಿನದಿಂದ ಈ ಒಂದು ಸಾಲಿನ ಮುಂದೆ ಕೂತಿದ್ದೆ. ಇನ್ನು ಉಳಿದದ್ದನ್ನು ಬರೆಯಬಹುದು.

ಮೊದಲನೆಯ ಸಲಹೆಯಿಂದ ನಾಲ್ಕನೆಯದರ ತನಕ ನಿಜವಾಗಿ ಕಳಿಸಿದೆ. ರಸೀದಿಗಳಿವೆ. ಉತ್ತರ ಬರಲಿಲ್ಲ. ಆಗ ನಮ್ಮಿಬ್ಬರ ಮನೆಯೂ ಆದವಾನಿಯಲ್ಲೇ ಇತ್ತು, ನೆನಪಿದೆಯೇ? ಅಂಚೆಯವನು ಬರುವ ಹೊತ್ತಿಗೆ ನೀನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂಡುತ್ತಿದ್ದೆ. ಅವನು ಸೈಕಲ್ಲು ನಿಲ್ಲಿಸದೆ ಹೋದಾಗ, "ನಾಳೆ ಬರತೈತಿ ಬಿಡು" ಎಂದು ನೀನೇ ನನಗೆ ಸಮಾಧಾನ ಹೇಳುತ್ತಿದ್ದೆ. ಐದು ತಿಂಗಳು. ನಿನ್ನ ದನಿ ದಿನಕ್ಕೊಂದಿಷ್ಟು ಇಳಿಯುತ್ತ ಬಂತು. ನಾನು ಕಿವಿ ಹೋಗುತ್ತಿದ್ದ ಮನುಷ್ಯ, ಆದರೂ ಅದು ನನಗೆ ಕೇಳಿಸಿತು.

ರಂಗದ ಮೇಲೆ ನೀನು ಮಾತಿಲ್ಲದೆ ನಿಂತರೆ ನನ್ನ ಬಾಯಿ ತಾನಾಗಿ ಎತ್ತಿಕೊಡುತ್ತಿತ್ತು. ಹಾಗೆಯೇ ಆಯಿತು. ಒಂದು ಸಲ ಎತ್ತಿಕೊಟ್ಟೆ. ನೀನು ಮತ್ತೆ ಗರ್ಜಿಸಿದೆ. ಆಮೇಲೆ ನಿಲ್ಲಿಸುವುದು ನನಗೆ ತಿಳಿಯಲಿಲ್ಲ. ಗೆರೆಗಳನ್ನು ಬೇಕೆಂದು ಹಾಕಲಿಲ್ಲ. ನೀನು ಇದನ್ನು ನುಡಿಯುತ್ತೀ ಎಂದು ಬೆರಳಿಗೆ ಗೊತ್ತಿತ್ತು.

ಐದನೆಯದರಿಂದ ಯಾವುದನ್ನೂ ಕಳಿಸಿಲ್ಲ. ಹನ್ನೊಂದನೆಯದನ್ನೂ ಕಳಿಸಿಲ್ಲ. ಎಲ್ಲವೂ ನನ್ನ ಕಪಾಟಿನಲ್ಲಿ, ದಾರ ಕಟ್ಟಿ ಇಟ್ಟಿದ್ದೇನೆ. ಉತ್ತರವನ್ನು ನಾನೇ ಬರೆಯುವುದಾದರೆ ಕಳಿಸುವುದೇಕೆ ಅನ್ನಿಸಿತು. ಇದು ನಾನು ಮಾಡಿದ ಅತಿ ಕೆಟ್ಟ ಕೆಲಸ, ಸುಳ್ಳು ಉತ್ತರಕ್ಕಿಂತ ಕೆಟ್ಟದ್ದು. ಗೊತ್ತು.

ಸಿಟ್ಟಾಗುವ ಮುಂಚೆ ಒಂದು ಮಾತು ಕೇಳು. ಎರ್ರಮ್ಮ ಆಕಳನ್ನು ಯಾಕೆ ಹೊಡೆದುಕೊಂಡು ಹೋದಳು ಅಂತ ಯೋಚಿಸಿದೆಯಾ? ರಮಾಮಣಿಗೆ ಅವಳ ಓಣಿಯವರು ಸಿಕ್ಕಿದ್ದರು. ಮಗಳ ಆಸ್ಪತ್ರೆಗೆಂದು ಮಾರಲು ಬಂದವಳು. ಎಷ್ಟು ಕಡಿಮೆಗೂ ಕೊಡುವಷ್ಟು ಅವಸರ ಅವಳಿಗಿತ್ತು. ಆ ಅವಸರ ಸಂತೆಗೆ ಬಂದಿದ್ದ ಬೀಗರ ಊರಿನವರ ಕಿವಿಗೆ ಬೀಳಬಾರದೆಂದು "ಒಳಗ ಹೇಳು" ಅಂದಳು. ಟವಲು ಬರೀ ಮೋಸವನ್ನು ಮುಚ್ಚುವುದಿಲ್ಲ, ಚಂದ್ರಣ್ಣ. ಮನುಷ್ಯನ ಮಾನವನ್ನೂ ಮುಚ್ಚುತ್ತದೆ. ನಾನು ನಿನ್ನ ಮೇಲೆ ಹಾಕಿದ್ದು ಅಂಥದೇ ಒಂದು ಟವಲು.

ನನ್ನ ಹೆಸರು ಹೇಳಿದರೆ ಪಿಂಚಣಿಗೆ ತೊಂದರೆಯಾಗುತ್ತದೋ ಏನೋ. ರಮಾಮಣಿಗೆ ಇನ್ನೂ ಹೇಳಿಲ್ಲ. ಹೇಳಬೇಡ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಕೃಷ್ಣಕಾಂತ

*

ಆದವಾನಿ
7 ನವೆಂಬರ್ 2024, ಮಧ್ಯಾಹ್ನ

ಸಭಿಕರೇ.

ಇದನ್ನು ಗಟ್ಟಿಯಾಗಿ ಓದು, ಕಾಂತಾ. ರಾಘಣ್ಣನವರನ್ನು ಕರೆ. ರಮಾಮಣಿಯನ್ನು ಬಾಗಿಲಿನಿಂದ ಜಗಲಿಗೆ ಕರೆದು ಕೂರಿಸು. ಅಂಚೆಯನ್ನು ನಂಬುವ ಕಾಲ ಮುಗಿಯಿತು. ಮಾರೆಪ್ಪನೇ ಬಸ್ಸಿನಲ್ಲಿ ತಂದು ನಿನ್ನ ಕೈಗೆ ಕೊಟ್ಟಿದ್ದಾನೆ. ಅವನಿಗೆ ಊಟ ಹಾಕು. ನೀನು ಓದುವ ತನಕ ಅಲ್ಲೇ ಕೂತಿರುತ್ತಾನೆ.

ನೀನು ಟವಲಿನ ಮಾತು ಎತ್ತಿದೆ, ಒಳ್ಳೆಯದಾಯಿತು. ಅದು ನನ್ನ ವಿದ್ಯೆ. ಎದುರಿಗಿರುವವನ ಬೆರಳು ಹಿಡಿದರೆ ಸಾಕು, ಅವನ ಮನೆಯಲ್ಲಿ ಒಲೆ ಹೊತ್ತಿದೆಯೋ ಇಲ್ಲವೋ ಹೇಳಬಲ್ಲವನು ನಾನು. ಸಾವಿರಾರು ಕೈ ಓದಿದೆ. ನಿನ್ನ ಕೈಯೊಂದನ್ನು ಓದಬೇಕೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಅದನ್ನು ನನ್ನ ಕೈಯೇ ಅಂದುಕೊಂಡಿದ್ದೆ.

ಎರ್ರಮ್ಮನ ವಿಷಯದಲ್ಲಿ ನೀನು ಹೇಳಿದ್ದು ನಿಜ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಆಕಳು ಇರಲಿಲ್ಲ. ಬೇರೆ ದಲ್ಲಾಳಿಯ ಹತ್ತಿರ, ಟವಲಿನ ಕೆಳಗೇ ಕೊಟ್ಟಿದ್ದಳು. ಅಂಗಳದಲ್ಲಿ ಕೈ ಮುಗಿದು ನಿಂತೆ. "ನಿಂದು ದೊಡ್ಡ ಬಾಯಿ, ಚಂದ್ರಣ್ಣಾ. ದ್ಯಾವ್ರು ಕಿವಿನೂ ಒಂಚೂರು ದೊಡ್ಡದು ಕೊಟ್ಟಿದ್ರ ಚೆನ್ನಾಗಿತ್ತು" ಅಂದಳು. ಮಜ್ಜಿಗೆ ಕೊಟ್ಟಳು. ಹನ್ನೊಂದನೆಯ ಸಲಹೆಯನ್ನು ತಿದ್ದಿದ್ದೇನೆ: ಬೆಲೆ ಹೊರಗೆ ಹೇಳಿ, ಮಾರುವವಳ ಹೆಸರನ್ನಲ್ಲ. ಈ ತಿದ್ದುಪಡಿ ಡೆಲ್ಲಿಯದಲ್ಲ, ಎರ್ರಮ್ಮನದು.

ಆದರೆ ನೀನು? ಎರ್ರಮ್ಮ "ಒಳಗ ಹೇಳು" ಎಂದು ಬಾಯಿಬಿಟ್ಟು ಕೇಳಿದ್ದಳು, ಕಾಂತಾ. ನಾನು ಯಾವಾಗ ಕೇಳಿದೆ? ಉತ್ತರ ಬಾರದಿದ್ದರೆ ನಾನು ಸಾಯುತ್ತಿದ್ದೆನೇ? ನಾಲ್ಕು ದಿನ ಗೊಣಗುತ್ತಿದ್ದೆ. ಐದನೆಯ ದಿನ ಕರ್ನೂಲಿಗೆ ಹೋಗಿ ಯಾರದೋ ಮೇಜು ಕುಟ್ಟುತ್ತಿದ್ದೆ. ಅಲ್ಲಿಂದಲೂ ಹೊರಗೆ ಹಾಕಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನುಡಿಯುತ್ತಿದ್ದೆ. ನೀನು ನನಗೆ ಇಷ್ಟು ತಿಂಗಳ ಚಪ್ಪಾಳೆ ಕೊಟ್ಟೆ. ಸಭೆ ಖಾಲಿ ಇದೆ ಎಂಬ ಒಂದು ಮಾತನ್ನು ಕೊಡಲಿಲ್ಲ. ಏಳು ಸಲಹೆಗಳನ್ನು ದಾರ ಕಟ್ಟಿ ಕಪಾಟಿನಲ್ಲಿ ಇಟ್ಟೆ. ನನ್ನನ್ನೇ ಮಡಿಸಿ ಇಟ್ಟ ಹಾಗೆ.

ನನ್ನ ಕೈಯೇನೂ ಶುದ್ಧವಲ್ಲ, ಸಭಿಕರೇ. ಮಾರೆಪ್ಪ ನಿಮ್ಮ ನಡುವೆಯೇ ಕೂತಿದ್ದಾನೆ, ಕೇಳಿಸಿಕೊಳ್ಳಲಿ. ಮಾರೆಪ್ಪಾ, ಹದಿನೆಂಟು ವರ್ಷದ ಹಿಂದೆ ನಿಮ್ಮಪ್ಪನ ಎತ್ತುಗಳನ್ನು ಮಾರಿಸಿದಾಗ ಕೊಳ್ಳುವವನು ನನಗೆ ತೋರಿಸಿದ ಬೆರಳು ಐದು. ನಾನು ನಿಮ್ಮಪ್ಪನಿಗೆ ತೋರಿಸಿದ್ದು ನಾಲ್ಕು. ಒಂದು ಬೆರಳು ಟವಲಿನೊಳಗೆ ನನ್ನ ಹತ್ತಿರವೇ ಉಳಿಯಿತು. ಅವನು ಹೋಗುವಾಗ ನನ್ನ ಕಾಲು ಮುಟ್ಟಿ ಹೋದ. ಇದನ್ನು ನಾಳೆ ಕಟ್ಟೆಯ ಮೇಲೆಯೂ ಹೇಳುತ್ತೇನೆ. ನಿನಗೆ ಮೊದಲು ತಿಳಿಯಲಿ ಎಂದು ಇಲ್ಲಿ ಹೇಳಿಸುತ್ತಿದ್ದೇನೆ. ಎದ್ದು ಹೋಗುವುದಿದ್ದರೆ ಹೋಗು, ತಪ್ಪಿಲ್ಲ.

ನನಗೆ ಎದುರಿಗಿರುವ ಪೇಚು ಇಷ್ಟೇ, ಕಾಂತಾ. ನಿನ್ನ ಹೆಸರನ್ನು ಮುಚ್ಚಿಟ್ಟರೆ ನನ್ನ ಹನ್ನೊಂದನೆಯ ಸಲಹೆ ಸತ್ತಿತು. ಟವಲು ತೆಗೆಯಿರಿ ಎಂದು ಕೂಗಿದವನೇ ಟವಲು ಹಿಡಿದು ನಿಂತ ಹಾಗೆ. ನಿನ್ನ ಹೆಸರು ಹೇಳಿದರೆ, ಮೂವತ್ತು ವರ್ಷ ನನ್ನ ಮಾನ ಕಾಯ್ದವನ ಮಾನವನ್ನು ಸಂತೆಯಲ್ಲಿ ಕೂಗಿದ ಹಾಗೆ. ಇಪ್ಪತ್ತು ದಿನ ತೂಗಿದೆ. ರಂಗದಲ್ಲಿ ಇಂಥ ಘಟ್ಟ ಬಂದಾಗ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ತೆರೆಯ ಕಡೆಗೆ ಸ್ವಲ್ಪ ವಾಲಿ ನಿಲ್ಲುತ್ತಿದ್ದೆ.

ಬೆಳಗಿನ ಮೊದಲ ಬಸ್ಸು ನಿಮ್ಮೂರಿನಿಂದ ಐದಕ್ಕೆ ಹೊರಡುತ್ತದೆ. ಸಂತೆ ಕಾವೇರುವುದು ಎಂಟರ ಮೇಲೆ. ಕಪಾಟಿನಲ್ಲಿರುವ ಆ ಏಳನ್ನೂ ತಾ. ಅವು ನನ್ನವು.

ಕ್ಷಮಿಸಿದ್ದೇನೆಂದು ತಿಳಿಯಬೇಡ. ಕ್ಷಮಿಸುತ್ತೇನೋ ಇಲ್ಲವೋ ನನಗೇ ತಿಳಿಯದು. ಅಧಿಕಾರಿ ಪಕ್ಕದಲ್ಲಿರುತ್ತಾರೆ, ವಾಗೀಶ್ ಎದುರಿಗಿರುತ್ತಾನೆ. ನಾಳೆ ಬೆಳಗ್ಗೆ ಎಂಟಕ್ಕೆ ನಾನು ಆ ಕಟ್ಟೆಯನ್ನು ಹತ್ತುತ್ತೇನೆ. ಹೆಗಲ ಮೇಲಿನ ಟವಲನ್ನು ತೆಗೆದು ಕಾಲ ಬಳಿ ಹಾಕುತ್ತೇನೆ. ಡೆಲ್ಲಿ ಉತ್ತರ ಕೊಟ್ಟಿಲ್ಲ, ಸಲಹೆ ಮಾತ್ರ ನನ್ನದು, ಅದು ಈಗಲೂ ನಿಜ ಎಂದು ಸಾರುತ್ತೇನೆ. ಮಾರೆಪ್ಪನ ಅಪ್ಪನ ಆ ಒಂದು ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸುತ್ತೇನೆ. ಆಮೇಲೆ, "ಈ ಕಾಗದ ಬರೆದವನು" ಎಂದು ಹೇಳಿ, ಉಸಿರು ಎಳೆದುಕೊಂಡು ನಿಲ್ಲುತ್ತೇನೆ. ನನ್ನ ಬೆನ್ನ ಹಿಂದೆ ನಿಂತು ನೀನೇ ಆ ಮುಂದಿನ ಶಬ್ದವನ್ನು ಗಟ್ಟಿಯಾಗಿ ಎತ್ತಿಕೊಡಬೇಕು. ಹತ್ತು ಎಣಿಸುವ ತನಕ ಕಾಯುತ್ತೇನೆ. ನಿನ್ನ ದನಿ ಬಾರದಿದ್ದರೆ, ನಾಳೆ ಬೆಳಗ್ಗೆ, ನಿನ್ನ ಹೆಸರನ್ನು ನಾನೇ ಕೂಗುತ್ತೇನೆ.

ಚಂದ್ರಣ್ಣ